ಆರು ತಿಂಗಳು ಹೇಳದೇ ಉಳಿದ ಮಾತು

ನಾನು ಕೆಲಸದಿಂದ ತೆಗೆದ ಮೊದಲ ಮನುಷ್ಯರು ನನಗಿಂತ ಒಂಬತ್ತು ವರ್ಷ ದೊಡ್ಡವರು. ಹುಬ್ಬಳ್ಳಿಯವರು. ನನ್ನನ್ನು ‘ಅಕ್ಕಾರ’ ಎಂದು ಕರೆಯುತ್ತಿದ್ದರು. ಅವರ ಕಡೆ ಆ ಮಾತಿಗೂ ವಯಸ್ಸಿಗೂ ಸಂಬಂಧವಿಲ್ಲ, ಅದು ಹೆಣ್ಣುಮಕ್ಕಳಿಗೆ ಕೊಡುವ ಮರ್ಯಾದೆ ಎಂದು ಗೊತ್ತಾಗುವವರೆಗೆ ಮೈಸೂರಿನವಳಾದ ನನಗೆ ಒಳಗೊಳಗೇ ಸಿಟ್ಟು ಬರುತ್ತಿತ್ತು. ಅಷ್ಟು ವಯಸ್ಸಾದವಳ ಹಾಗೆ ಕಾಣುತ್ತೇನೆಯೇ ಎಂದು ಒಂದೆರಡು ಸಲ ಕನ್ನಡಿ ನೋಡಿಕೊಂಡದ್ದೂ ಉಂಟು. ನಾನು ಅವರನ್ನು ಸರ್ ಎನ್ನುತ್ತಿದ್ದೆ. ಮ್ಯಾನೇಜರಾದವಳು ತನ್ನ ಕೈಕೆಳಗಿನವರನ್ನು ಸರ್ ಎಂದು ಕರೆಯುವುದು ಸಿಡ್ನಿಯ ಪ್ಯಾರಮಟ್ಟಾದಲ್ಲಿರುವ ನಮ್ಮ ಆಫೀಸಿನಲ್ಲಿ ಬೇರೆ ಯಾರಿಗೂ ಅರ್ಥವಾಗುತ್ತಿರಲಿಲ್ಲ. ನಾನೂ ವಿವರಿಸಲು ಹೋಗಲಿಲ್ಲ.

ಕಾನೂನಿನ ಪ್ರಕಾರ ನಾನು ಒಂದೂ ತಪ್ಪು ಮಾಡಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಇಷ್ಟು ದಿನ ನನಗೆ ನಾನೇ ಸಮಾಧಾನಕ್ಕೆ ಹೇಳಿಕೊಂಡು ಬಂದದ್ದು ಇದನ್ನೇ.

ನಮ್ಮದು ಅಮೆರಿಕದ ಕಂಪನಿಯ ಇಲ್ಲಿನ ಶಾಖೆ. ಏಜ್ಡ್ ಕೇರ್ ಹೋಮ್‌ಗಳಲ್ಲಿ, ಅಂದರೆ ವಯಸ್ಸಾದವರನ್ನು ಇಟ್ಟುಕೊಂಡು ನೋಡಿಕೊಳ್ಳುವ ಕಡೆಗಳಲ್ಲಿ, ಯಾವ ನರ್ಸು ಯಾವ ಪಾಳಿಗೆ ಬರಬೇಕು ಎಂಬ ಪಟ್ಟಿ ಮಾಡುವ ಸಾಫ್ಟ್‌ವೇರನ್ನು ಮಾರುತ್ತೇವೆ. ಮಾರಿದ ಮೇಲೆ ಅದನ್ನು ಬಳಸಲು ಕಲಿಸಿ, ತೊಂದರೆ ಬಂದಾಗ ಫೋನೆತ್ತಿ ಕೇಳಿಸಿಕೊಳ್ಳಲು ಜನ ಬೇಕು. ಆ ತಂಡ ನನ್ನದು. ಮೆಲ್ಬರ್ನ್ ಕಡೆಯ ಹೋಮ್‌ಗಳು ಹೆಚ್ಚಾದಾಗ ಅಲ್ಲೇ ಒಬ್ಬರು ಬೇಕೆಂದು ಹುಡುಕಿದೆವು, ಇವರ ಅರ್ಜಿ ಬಂತು.

ಸಂದರ್ಶನದಲ್ಲಿ ಅವರ ಇಂಗ್ಲಿಷ್ ನಿಧಾನವಾಗಿತ್ತು, ಆದರೆ ಹೇಳಿದ್ದು ಒಂದೂ ಪೊಳ್ಳಾಗಿರಲಿಲ್ಲ. ಹುಬ್ಬಳ್ಳಿಯ ಒಂದು ಆಸ್ಪತ್ರೆಯ ಆಫೀಸಿನಲ್ಲಿ ಹದಿನಾರು ವರ್ಷ ನರ್ಸುಗಳ ಡ್ಯೂಟಿ ಪಟ್ಟಿಯನ್ನು ಕೈಯಲ್ಲಿ ಬರೆದವರು. ಯಾರ ಮನೆಯಲ್ಲಿ ಸಣ್ಣ ಕೂಸಿದೆ, ಯಾರಿಗೆ ಯಾರ ಜೊತೆ ಮಾತಿಲ್ಲ, ಯಾರು ರಾತ್ರಿ ಪಾಳಿಯ ಮರುದಿನ ಬಂದೇ ಬರುತ್ತೇನೆಂದು ಹೇಳಿ ಬರುವುದಿಲ್ಲ, ಇದೆಲ್ಲ ತಲೆಯಲ್ಲಿ ಇಟ್ಟುಕೊಂಡೇ ಪಟ್ಟಿ ಹಾಕಬೇಕು ಎಂದರು. ನಮ್ಮ ಸಾಫ್ಟ್‌ವೇರ್ ಬರೆದವರಿಗೆ ಇದರಲ್ಲಿ ಕಾಲು ಭಾಗವೂ ಗೊತ್ತಿರಲಿಲ್ಲ. ಹೆಂಡತಿ ನರ್ಸು, ಆಕೆಗೆ ಇಲ್ಲೇ ನೆಲೆಸಲು ಬಿಡುವ ಪಿಆರ್ ಸಿಕ್ಕಿ ಇಬ್ಬರೂ ಮೆಲ್ಬರ್ನ್ ಅಂಚಿನ ಕ್ರೇಗಿಬರ್ನ್‌ಗೆ ಬಂದಿದ್ದರು. ಬಂದಮೇಲೆ ಮೂರು ವರ್ಷ ಇವರು ಒಂದು ವೇರ್‌ಹೌಸಿನಲ್ಲಿ ಪೆಟ್ಟಿಗೆ ಎತ್ತಿ ಇಡುವ ಕೆಲಸ ಮಾಡಿದ್ದರು. ನಮ್ಮದು ಅವರಿಗೆ ಈ ದೇಶದಲ್ಲಿ ಮೊದಲ ಆಫೀಸು ಕೆಲಸ. ಮನೆಯಲ್ಲೇ ಕೂತು ಮಾಡುವ ಕೆಲಸವಾದರೂ ದಿನಾ ಬೆಳಿಗ್ಗೆ ಅಂಗಿ ಇಸ್ತ್ರಿ ಮಾಡಿಕೊಂಡು ಹಾಕಿಕೊಳ್ಳುತ್ತಿದ್ದರು. ನಾನು ಹಾಸ್ಯ ಮಾಡಿದರೆ, ಅಂಗಿ ಹಾಕ್ಕೊಂಡರೇ ಇಂಗ್ಲಿಷ್ ಬರುತ್ತದೆ ಎಂದು ಅವರೂ ನಗುತ್ತಿದ್ದರು.

ಹೋಮ್‌ಗಳ ಮ್ಯಾನೇಜರುಗಳಿಗೆ ಅವರು ಬಹಳ ಬೇಗ ಬೇಕಾದವರಾದರು. ಫೋನ್ ಮಾಡಿದರೆ ಅವರೇ ಬೇಕು ಎನ್ನುವಷ್ಟು. ತೊಂದರೆ ಇದ್ದದ್ದು ಒಂದೇ ಕಡೆ. ನಮ್ಮಲ್ಲಿ ಪ್ರತಿ ಕರೆಯಾದ ಮೇಲೆ, ಯಾರು ಏನು ಕೇಳಿದರು, ನಾವು ಏನು ಒಪ್ಪಿಕೊಂಡೆವು ಎಂಬುದನ್ನು ಅದೇ ದಿನ ಸಿಸ್ಟಮ್‌ನಲ್ಲಿ ನಮೂದಿಸಬೇಕು. ನಾಳೆ ಅದೇ ಹೋಮ್‌ನ ಕರೆಯನ್ನು ಸಿಡ್ನಿಯವರೋ ಬ್ರಿಸ್ಬೇನಿನವರೋ ಎತ್ತಿದರೆ ಅವರಿಗೆ ಹಿಂದಿನದು ತಿಳಿಯಬೇಕಲ್ಲ. ಇವರು ಎಲ್ಲವನ್ನೂ ಒಂದು ದಪ್ಪ ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದರು, ಕನ್ನಡದಲ್ಲಿ. ಸಿಸ್ಟಮ್ ಖಾಲಿ.

ಮೊದಲ ಎರಡು ವಾರ ಕಳೆದ ಮೇಲೆ ಇದನ್ನು ಹೇಳಲೇಬೇಕೆಂದು ಫೋನ್ ಮಾಡಿದೆ. ಹೇಗೆ ಹೇಳಬೇಕೆಂದು ಲಿಫ್ಟಿನಲ್ಲಿ ಬಾಯಿಪಾಠ ಬೇರೆ ಮಾಡಿಕೊಂಡಿದ್ದೆ. ಅವರು ಫೋನ್ ಎತ್ತಿದ ಕೂಡಲೇ ಚಹಾ ಆಯಿತೇ ಎಂದು ಕೇಳಿದರು, ಮಗಳಿಗೆ ಕೆಮ್ಮು ಕಡಿಮೆಯಾಯಿತೇ ಎಂದು ಕೇಳಿದರು. ಅಷ್ಟಾದ ಮೇಲೆ, ನನ್ನ ಮಾವನ ವಯಸ್ಸಿನ ದನಿಯಲ್ಲಿ ಮಾತಾಡುವ ಮನುಷ್ಯರಿಗೆ, ನಿಮಗೆ ಕೆಲಸ ಮಾಡಲು ಬರುತ್ತಿಲ್ಲ ಎಂದು ಮುಖಕ್ಕೆ ಹೊಡೆದ ಹಾಗೆ ಹೇಳಲು ನನ್ನ ನಾಲಿಗೆ ಹೊರಳಲಿಲ್ಲ. ಇವತ್ತು ಯಾರ್ಯಾರ ಜೊತೆ ಮಾತಾಡಿದಿರಿ ಸರ್ ಎಂದೆ. ಅವರು ನೋಟ್‌ಬುಕ್ ತೆಗೆದು ಒಂದೊಂದಾಗಿ ಹೇಳಿದರು. ಬಹಳ ಚೊಕ್ಕವಾಗಿ, ಎಲ್ಲೂ ತಡವರಿಸದೆ. ಅವರು ಹೇಳುತ್ತಾ ಹೋದ ಹಾಗೆ ನಾನು ಟೈಪ್ ಮಾಡುತ್ತಾ ಹೋದೆ.

“ನಾನು ಹಾಕ್ತೀನಿ ಬಿಡಿ ಸರ್,” ಎಂದೆ.

ಅಲ್ಲಿಂದ ಅದೇ ರೂಢಿಯಾಯಿತು. ಸಂಜೆ ಐದಕ್ಕೆ ನಾನು ಫೋನ್ ಮಾಡುವುದು, ಅವರು ಹೇಳುವುದು, ನಾನು ಅವರ ಹೆಸರಿನಲ್ಲಿ ನಮೂದಿಸುವುದು. ಮ್ಯಾನೇಜರುಗಳಿಗೆ ಆ ಅನುಕೂಲ ಸಿಸ್ಟಮ್‌ನಲ್ಲಿ ಇರುತ್ತದೆ. ಇಪ್ಪತ್ತು ನಿಮಿಷದ ಕೆಲಸ. ಕೊನೆಯ ಐದು ನಿಮಿಷ ಹುಬ್ಬಳ್ಳಿಯೋ ಮೈಸೂರೋ ಎಂಬ ಜಗಳಕ್ಕೆ ಮೀಸಲು. ಅವರಿಗೆ ಮೈಸೂರು ಪಾಕು ಬರೀ ಸಕ್ಕರೆ, ನನಗೆ ಧಾರವಾಡ ಪೇಡಾ ಬರೀ ಕಂದು ಬಣ್ಣ. ದಿನವಿಡೀ ಇಂಗ್ಲಿಷಿನಲ್ಲಿ ಬಾಯಿ ಒಣಗಿಸಿಕೊಂಡ ಮೇಲೆ ಆ ಐದು ನಿಮಿಷ ನನಗೆ ಬೇಕಾಗಿತ್ತು ಎಂಬುದನ್ನೂ ಒಪ್ಪಿಕೊಳ್ಳುತ್ತೇನೆ. ಇವತ್ತಲ್ಲದಿದ್ದರೆ ನಾಳೆ ಹೇಳಿದರಾಯಿತು ಎಂದು ವಾರಗಳನ್ನು ತಳ್ಳಿದೆ.

ಇದೇ ತಪ್ಪನ್ನು ಬ್ರಿಸ್ಬೇನಿನ ಹುಡುಗಿಯೊಬ್ಬಳು ಮಾಡಿದ್ದಳು. ಅವಳಿಗೆ ಮೊದಲ ವಾರವೇ ಇಂಗ್ಲಿಷಿನಲ್ಲಿ ಎರಡು ವಾಕ್ಯ ಹೇಳಿದ್ದೆ. ಅವಳು ಸರಿ ಎಂದಳು, ಮರುದಿನದಿಂದ ಸರಿಯಾಯಿತು. ನನಗೆ ಇಂಗ್ಲಿಷಿನಲ್ಲಿ ಗದರಿಸಲು ಬರುತ್ತದೆ; ಕನ್ನಡದಲ್ಲಿ ಮಗಳನ್ನು ಬಿಟ್ಟರೆ ಬೇರೆ ಯಾರನ್ನೂ ಗದರಿಸಿ ಅಭ್ಯಾಸವಿಲ್ಲ. ಇವರಿಗೆ ಮರ್ಯಾದೆ ಕೊಡುತ್ತಿದ್ದೇನೆ ಎಂದುಕೊಂಡಿದ್ದೆ. ಆ ಹುಡುಗಿಗೆ ಕೊಟ್ಟಷ್ಟು ಮರ್ಯಾದೆಯನ್ನೂ ಇವರಿಗೆ ಕೊಟ್ಟಿರಲಿಲ್ಲ ಎಂದು ಈಗ ಅನ್ನಿಸುತ್ತದೆ.

ಐದನೇ ತಿಂಗಳಲ್ಲಿ ನಾನು ಮೂರು ವಾರ ರಜೆ ಹಾಕಿ ಮಗಳನ್ನು ಕರೆದುಕೊಂಡು ಮೈಸೂರಿಗೆ ಹೋದೆ, ತಮ್ಮನ ಮದುವೆಗೆ. ಹೋಗುವ ಮುಂಚೆ ನನ್ನ ಕೆಲಸವನ್ನೆಲ್ಲ ತಂಡದವರಿಗೆ ಹಂಚಿಕೊಟ್ಟೆ. ಎಷ್ಟು ಅಚ್ಚುಕಟ್ಟಾಗಿ ಎಂದರೆ ನನ್ನ ಡೆಸ್ಕಿನ ಗಿಡಕ್ಕೆ ನೀರು ಹಾಕುವುದನ್ನೂ ಬರೆದಿಟ್ಟಿದ್ದೆ. ಸಂಜೆ ಐದರ ಫೋನಿನ ವಿಷಯ ಮಾತ್ರ ಯಾರಿಗೂ ಹೇಳಲಿಲ್ಲ. ಹೇಳಿದರೆ ಗುಟ್ಟು ರಟ್ಟಾಗುತ್ತಿತ್ತು. ಅವರಿಗೂ ಏನೂ ಹೇಳಲಿಲ್ಲ. ಮೂರು ವಾರ ತಾನೇ, ಹೇಗೋ ನಡೆಯುತ್ತದೆ, ಬಂದು ಎಲ್ಲ ಸೇರಿಸಿ ತುಂಬಿಸಿದರಾಯಿತು ಎಂದುಕೊಂಡೆ.

ನಡೆಯಲಿಲ್ಲ. ಮೆಲ್ಬರ್ನ್‌ನ ಒಂದು ಹೋಮ್‌ನವರು ಶನಿವಾರದ ಪಾಳಿಗಳನ್ನು ಬದಲಾಯಿಸಬೇಕೆಂದು ಇವರಿಗೆ ಹೇಳಿದ್ದರು. ಇವರು ಒಪ್ಪಿಕೊಂಡು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದರು. ಸಿಸ್ಟಮ್‌ನಲ್ಲಿ ಇಲ್ಲದ್ದರಿಂದ ಆ ಬದಲಾವಣೆ ಮಾಡಬೇಕಾದ ಸಿಡ್ನಿಯವರಿಗೆ ಗೊತ್ತಾಗಲೇ ಇಲ್ಲ. ಶನಿವಾರ ಬೆಳಿಗ್ಗೆ ಆ ಹೋಮ್‌ನ ಒಂದು ಇಡೀ ಮಹಡಿಗೆ ನರ್ಸು ಇರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಯಾರನ್ನೋ ಕರೆಸಿದರಂತೆ; ಯಾರಿಗೂ ಏನೂ ಆಗಲಿಲ್ಲ, ಪುಣ್ಯ. ಆದರೆ ಆ ಹೋಮ್‌ನವರು ಬರೆದ ದೂರು ನೇರ ಅಮೆರಿಕಕ್ಕೆ ಹೋಯಿತು. ಅಲ್ಲಿಂದ ಯಾರೋ ಇವರ ನಮೂದುಗಳನ್ನು ತೆಗೆದು ನೋಡಿದರು. ಮೂರು ವಾರ ಒಂದಕ್ಷರವೂ ಇಲ್ಲ.

ನಾನು ಕೆಲಸಕ್ಕೆ ವಾಪಸಾದ ಮೊದಲ ಬೆಳಿಗ್ಗೆಯೇ ಅಮೆರಿಕದ ಬಾಸ್ ವಿಡಿಯೊದಲ್ಲಿ ಕಾಯುತ್ತಿದ್ದ. ಕೆಟ್ಟವನಲ್ಲ. ಮೊದಲು ಮದುವೆ ಹೇಗಾಯಿತು ಎಂದು ಕೇಳಿದ, ಆಮೇಲೆ ಇವರನ್ನು ತೆಗೆದುಬಿಡು ಎಂದ. ಅವನ ಕಡೆ ಅದೊಂದು ದೊಡ್ಡ ವಿಷಯವೇ ಅಲ್ಲ. ಅಲ್ಲಿ ಕೆಲಸ ಕೊಟ್ಟವರು ಯಾವತ್ತು ಬೇಕಾದರೂ ಕಾರಣ ಹೇಳದೆ ತೆಗೆಯಬಹುದು, ಮಾಡುವವರೂ ಯಾವತ್ತು ಬೇಕಾದರೂ ಬಿಟ್ಟು ಹೋಗಬಹುದು. ಅವನನ್ನೇ ಎರಡು ಸಲ ಹಾಗೆ ತೆಗೆದಿದ್ದರಂತೆ. ಒಂದು ಇಮೇಲ್ ಸಾಕಲ್ಲ ಎಂದ. ನಮ್ಮ ದೇಶದಲ್ಲಿ ಹಾಗೆಲ್ಲ ನಡೆಯುವುದಿಲ್ಲ ಎಂದು ನಾನು ಸ್ವಲ್ಪ ಖಾರವಾಗಿಯೇ ಹೇಳಿದೆ. ಆಸ್ಟ್ರೇಲಿಯಾವನ್ನು ನಮ್ಮ ದೇಶ ಎಂದು ನಾನು ಬಾಯಿಬಿಟ್ಟು ಕರೆದದ್ದು ಅದೇ ಮೊದಲು.

ನಮ್ಮ ದೇಶದಲ್ಲಿ ಹೇಗೆ ನಡೆಯುತ್ತದೆ ಎಂಬುದನ್ನು ನಮ್ಮ ಎಚ್‌ಆರ್ ಹೆಂಗಸು ಆಮೇಲೆ ನನಗೆ ತಿಳಿಸಿ ಹೇಳಿದಳು. ನಮ್ಮಂಥ ಕಂಪನಿಯಲ್ಲಿ ಆರು ತಿಂಗಳು ದಾಟಿದ ನೌಕರರನ್ನು ಅನ್ಯಾಯವಾಗಿ ತೆಗೆದರೆ ಅವರು ದೂರು ಕೊಡಬಹುದು. ಆಗ ಏನು ತಪ್ಪು ಎಂದು ಮೊದಲೇ ತಿಳಿಸಿದ್ದೆವೇ, ತಿದ್ದಿಕೊಳ್ಳಲು ಸಮಯ ಕೊಟ್ಟಿದ್ದೆವೇ ಎಂಬುದೆಲ್ಲ ಲೆಕ್ಕಕ್ಕೆ ಬರುತ್ತದೆ. ಆರು ತಿಂಗಳೊಳಗೆ ಅಷ್ಟೆಲ್ಲ ಬೇಡ. ಬಣ್ಣ, ಜಾತಿ, ಕಾಯಿಲೆ, ಬಸಿರು ಇಂಥ ಕಾರಣಕ್ಕೆ ತೆಗೆಯುವ ಹಾಗಿಲ್ಲ, ಒಂದು ವಾರದ ನೋಟಿಸು ಬರವಣಿಗೆಯಲ್ಲಿ ಕೊಡಬೇಕು. ಅಷ್ಟೇ. ಇವರಿಗೆ ಆರು ತಿಂಗಳು ತುಂಬಲು ಇನ್ನು ಹನ್ನೊಂದು ದಿನ ಇತ್ತು. ಅಮೆರಿಕದವನ ಎದುರು ಅಷ್ಟು ಜಂಬದಿಂದ ಹೇಳಿದ ನಮ್ಮ ದೇಶದ ಕಾನೂನು ಹನ್ನೊಂದು ದಿನದ ಆಚೆ ನಿಂತಿತ್ತು.

ಬಾಸ್ ಒಂದು ಪ್ರಶ್ನೆ ಕೇಳಿದ್ದ. ಅದನ್ನು ನಾನು ಬರೆಯಲೇಬೇಕು. ನೀನು ರಜೆಗೆ ಹೋಗುವವರೆಗೆ ಈ ಮನುಷ್ಯನ ನಮೂದುಗಳು ಎಷ್ಟು ಚೆನ್ನಾಗಿವೆ, ಆಮೇಲೆ ಒಮ್ಮೆಲೇ ಏನಾಯಿತು, ಮನೆಯಲ್ಲಿ ಏನಾದರೂ ತೊಂದರೆಯೇ, ಎಂದು. ಅಷ್ಟು ಸುಲಭವಾಗಿ ಬಾಗಿಲು ತೆರೆದುಕೊಟ್ಟಿದ್ದ. ಅವನ್ನೆಲ್ಲ ಬರೆದವಳು ನಾನು, ಇವರಿಗೆ ಬರೆಯಬೇಕೆಂದು ಸರಿಯಾಗಿ ಹೇಳಿಯೇ ಇಲ್ಲ, ಇನ್ನೊಂದು ತಿಂಗಳು ಕೊಡಿ ಎನ್ನಬಹುದಿತ್ತು. ಇನ್ನೊಬ್ಬರ ಹೆಸರಿನಲ್ಲಿ ಐದು ತಿಂಗಳು ನಮೂದಿಸಿದ್ದೇನೆ ಎಂದರೆ ಎಚ್‌ಆರ್‌ನವಳು ಕೆಲಸದಿಂದ ತೆಗೆಯುವ ಎರಡನೇ ಪತ್ರವನ್ನು ನನಗೆ ಬರೆದಾಳು ಎಂದು ಹೆದರಿದೆ. ಗೊತ್ತಿಲ್ಲ ಎಂದೆ. ಹಾಗಾದರೆ ಮೇಲಿನವರು ನೋಡದಿದ್ದಾಗ ಕೆಲಸ ಮಾಡದವರ ಪೈಕಿ ಎಂದ ಅವನು. ನಾನು ಪರದೆಯ ಮೂಲೆಯಲ್ಲಿ ಕಾಣುತ್ತಿದ್ದ ನನ್ನ ಮುಖವನ್ನೇ ನೋಡುತ್ತಾ ಕೂತೆ.

ಸುಳ್ಳು ಹೇಳಿದವರಿಗೆ ಆಮೇಲೆ ಒಳ್ಳೆಯತನ ಉಕ್ಕಿ ಬರುತ್ತದೆ. ನನಗೂ ಬಂತು. ಇಮೇಲ್ ಬೇಡ, ವಿಡಿಯೊ ಬೇಡ, ನಾನೇ ಮೆಲ್ಬರ್ನ್‌ಗೆ ಹೋಗಿ ಎದುರಿಗೆ ಕೂತು ಮರ್ಯಾದೆಯಿಂದ ಹೇಳುತ್ತೇನೆ ಎಂದು ಹಟ ಹಿಡಿದೆ. ಎಚ್‌ಆರ್‌ನವಳು ಮೆಚ್ಚಿಕೊಂಡಳು. ಒಂದು ಪುಟದ ಮಾತುಗಳನ್ನು ಬರೆದುಕೊಟ್ಟು, ಇದನ್ನು ಬಿಟ್ಟು ಒಂದು ಮಾತೂ ಆಚೀಚೆ ಹೋಗಬೇಡ, ಕಾರಣದ ಚರ್ಚೆಗೆ ಇಳಿಯಬೇಡ, ಕ್ಷಮಿಸಿ ಎನ್ನಬೇಡ ಎಂದಳು. ಸಭೆಗೆ ಕರೆಯುವ ಇಮೇಲನ್ನೂ ಅವಳೇ ಬರೆದಳು: ನಿಮ್ಮ ಪ್ರೊಬೇಷನ್ ಅವಧಿಯ ಬಗ್ಗೆ ಮಾತಾಡಲು ಈ ಸಭೆ, ಇದರ ಫಲವಾಗಿ ನಿಮ್ಮ ಕೆಲಸ ಕೊನೆಗೊಳ್ಳಬಹುದು, ಬೇಕಿದ್ದರೆ ಜೊತೆಗೆ ಒಬ್ಬರನ್ನು ಕರೆತರಬಹುದು. ಧೈರ್ಯಕ್ಕೆ ಪಕ್ಕದಲ್ಲಿ ಒಬ್ಬರು ಇರಲಿ ಎಂದು ಇಲ್ಲಿ ಹಾಗೆ ಅವಕಾಶ ಕೊಡುತ್ತಾರೆ. ಇಮೇಲ್ ಸ್ಪಷ್ಟವಾಗಿತ್ತು. ಕಳಿಸಿದ ಮೇಲೆ, ಅದನ್ನು ಓದಿ ಅವರು ಗಾಬರಿಯಾಗುತ್ತಾರಲ್ಲ ಎಂದು ನನಗೆ ಕೂರಲೂ ಆಗಲಿಲ್ಲ, ನಿಲ್ಲಲೂ ಆಗಲಿಲ್ಲ. ಫೋನ್ ತೆಗೆದು ವಾಟ್ಸಾಪಿನಲ್ಲಿ ಬರೆದೆ: ‘ಹೆದರ್ಕೋಬೇಡಿ ಸರ್, ನಾನೇ ಬರ್ತಿದೀನಿ.’

ಅವರು ಕೈಮುಗಿಯುವ ಚಿತ್ರ ಕಳಿಸಿದರು. ನನಗೆ ಹಗುರವಾಯಿತು. ಇಂಥ ಬೆಪ್ಪು ಕೆಲಸವನ್ನು ಬೇರೆ ಯಾರೂ ಮಾಡಲಾರರು.

ಮೆಲ್ಬರ್ನ್‌ನಲ್ಲಿ ನಮಗೆ ಸ್ವಂತ ಆಫೀಸಿಲ್ಲ. ಗ್ಲೆನ್ ವೇವರ್ಲಿ ಸ್ಟೇಷನ್ನಿನ ಹತ್ತಿರ ದಿನದ ಲೆಕ್ಕದಲ್ಲಿ ಸಿಗುವ ಒಂದು ಮೀಟಿಂಗ್ ರೂಮ್ ಬುಕ್ ಮಾಡಿದ್ದೆ. ಕ್ರೇಗಿಬರ್ನ್ ಒಂದು ಟ್ರೇನಿನ ಕೊನೆಯ ನಿಲ್ದಾಣ, ಗ್ಲೆನ್ ವೇವರ್ಲಿ ಇನ್ನೊಂದು ಟ್ರೇನಿನ ಕೊನೆಯದು. ನಡುವೆ ಇಡೀ ಊರು. ಅವರಿಗೆ ಎಷ್ಟು ದೂರ ಎಂದು ಬುಕ್ ಮಾಡುವಾಗ ನನಗೆ ಹೊಳೆಯಲೇ ಇಲ್ಲ. ಹನ್ನೊಂದು ಗಂಟೆಗೆ ಬಾಗಿಲು ತಟ್ಟಿ ಒಳಗೆ ಬಂದರು. ಇಸ್ತ್ರಿ ಮಾಡಿದ ಅಂಗಿ, ಮೇಲೊಂದು ಕೋಟು. ಹಿಂದೆ ಅವರ ಹೆಂಡತಿ, ರೇಷ್ಮೆ ಸೀರೆ ಉಟ್ಟು, ಕೈಯಲ್ಲಿ ಬಟ್ಟೆಯ ಚೀಲ. ಆಕೆ ರಾತ್ರಿ ಪಾಳಿ ಮುಗಿಸಿ ಮಲಗದೆ ಬಂದಿದ್ದರು. ಒಬ್ಬರನ್ನು ಕರೆತರಬಹುದು ಎಂದು ನೀವೇ ಬರೆದಿದ್ದಿರಲ್ಲ, ಅದಕ್ಕೆ ಕರೆದುಕೊಂಡು ಬಂದೆ, ಇವಳೂ ನಿಮ್ಮನ್ನು ನೋಡಬೇಕು ಅಂತ ಬಹಳ ದಿನದಿಂದ ಅನ್ನುತ್ತಿದ್ದಳು ಎಂದರು. ಚೀಲದಲ್ಲಿ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ ಇತ್ತು. ಸಿಡ್ನಿಯಿಂದ ಬಂದವಳಿಗೆ.

ಕೆಲಸ ಖಾಯಂ ಆಯಿತು ಎಂದು ಹೇಳಲು ನಾನು ಬಂದಿದ್ದೇನೆ ಎಂದುಕೊಂಡಿದ್ದರು. ಕೆಲಸ ಕೊನೆಗೊಳ್ಳಬಹುದು ಎಂಬ ಸಾಲನ್ನು ಓದಿರಲಿಲ್ಲವೆಂದಲ್ಲ. ಅದು ಎಲ್ಲರಿಗೂ ಹಾಕುವ ಸಾಲು, ಅಕ್ಕಾರೇ ಹೆದರಬೇಡಿ ಎಂದು ಹೇಳಿದ್ದಾರಲ್ಲ ಎಂದು ಹೆಂಡತಿಗೂ ಹೇಳಿ ಕರೆತಂದಿದ್ದರು.

ಆಗಲೂ ಒಂದು ನಿಮಿಷ ಇತ್ತು. ಪ್ಯಾರಮಟ್ಟಾದಿಂದ ವಿಡಿಯೊದಲ್ಲಿ ಸೇರಬೇಕಿದ್ದ ಎಚ್‌ಆರ್‌ನವಳು ಇನ್ನೂ ಪರದೆಯ ಮೇಲೆ ಬಂದಿರಲಿಲ್ಲ. ಕನ್ನಡದಲ್ಲಿ ಹೇಳಬಹುದಿತ್ತು: ಸರ್, ಸುದ್ದಿ ಒಳ್ಳೆಯದಲ್ಲ, ಕೂತುಕೊಳ್ಳಿ ಎಂದಾದರೂ. ನಾನು ನೀರಿನ ಲೋಟಗಳನ್ನು ಅವರ ಕಡೆ ಸರಿಸಿದೆ. ಪರದೆ ಬೆಳಗಿತು, ಅವಳು ನಮಸ್ಕಾರ ಹೇಳಿದಳು, ನಾನು ಪುಟ ತೆಗೆದು ಓದಿದೆ. ಇಂಗ್ಲಿಷಿನಲ್ಲಿ. ಮೂರು ನಿಮಿಷವೂ ಹಿಡಿಯಲಿಲ್ಲ. ಹೆಂಡತಿಗೆ ಮೊದಲು ಅರ್ಥವಾಯಿತು. ಆಕೆ ಚೀಲವನ್ನು ಮೇಜಿನ ಮೇಲಿಂದ ತೆಗೆದು ಕಾಲ ಬಳಿ ಇಟ್ಟುಕೊಂಡರು. ಅವರು ಇನ್ನೂ ನನ್ನ ಮುಖ ನೋಡುತ್ತಿದ್ದರು.

“ನನ್ನಿಂದ ಏನ್ ತಪ್ಪಾತ್ರಿ ಅಕ್ಕಾರ?” ಎಂದು ಕೇಳಿದರು.

ಏನು ಹೇಳುತ್ತಿದ್ದಾರೆ ಎಂದು ಎಚ್‌ಆರ್‌ನವಳು ಕೇಳಿದಳು. ಕಾರಣ ಕೇಳುತ್ತಿದ್ದಾರೆ ಎಂದೆ. ಅವಳು ಮೃದುವಾಗಿಯೇ, ಈ ಕೆಲಸಕ್ಕೆ ನೀವು ಹೊಂದಿಕೆಯಾಗಲಿಲ್ಲ ಎಂದಷ್ಟೇ ಹೇಳಬಲ್ಲೆವು, ನಿರ್ಧಾರ ಆಗಿಹೋಗಿದೆ ಎಂದಳು. ಅವರು ಅವಳ ಕಡೆ ತಿರುಗಲಿಲ್ಲ. ನನ್ನನ್ನೇ ಕೇಳಿದ್ದು, ನನ್ನಿಂದಲೇ ಉತ್ತರ ಬೇಕಿತ್ತು. ಅವಳು ಹೇಳಿದ್ದನ್ನೇ ನಾನು ಇನ್ನೊಂದು ಸಲ ಹೇಳಿದೆ, ಇಂಗ್ಲಿಷಿನಲ್ಲೇ. ಐದು ತಿಂಗಳು ದಿನಾ ಕನ್ನಡದಲ್ಲಿ ಮಾತಾಡಿದವಳು, ಆ ಮನುಷ್ಯ ಕನ್ನಡದಲ್ಲಿ ಕೇಳಿದ ಒಂದೇ ಒಂದು ಪ್ರಶ್ನೆಗೆ ಇಂಗ್ಲಿಷಿನಲ್ಲಿ ಉತ್ತರ ಕೊಟ್ಟೆ. ನೆನೆಸಿಕೊಂಡರೆ ಈಗಲೂ ನನ್ನ ಬಗ್ಗೆ ನನಗೇ ಅಸಹ್ಯವಾಗುತ್ತದೆ.

ಆಯ್ತ್ರಿ ಎಂದರು. ಲ್ಯಾಪ್‌ಟಾಪನ್ನು ಚಾರ್ಜರಿನ ಜೊತೆ ತಂದೇ ಇದ್ದರು, ನಾನು ಹೊಸದೇನೋ ಹಾಕಿಕೊಡುತ್ತೇನೆಂದು ತಿಳಿದು. ಅದನ್ನು ಮೇಜಿನ ಮೇಲಿಟ್ಟು, ಕೊಟ್ಟದ್ದಕ್ಕೆ ಸಹಿ ಮಾಡಿದರು. ನಾನು ಪತ್ರ ಕೊಟ್ಟೆ. ಅದನ್ನು ಎರಡು ಸಲ ಮಡಿಸಿ ಕೋಟಿನ ಒಳಜೇಬಿನಲ್ಲಿ ಇಟ್ಟುಕೊಂಡರು. ಹೊರಡುವಾಗ ಹೆಂಡತಿ ಒಂದು ಕ್ಷಣ ನಿಂತು, ಆ ಚೀಲವನ್ನು ನನ್ನ ಕುರ್ಚಿಯ ಮೇಲೆ ಇಟ್ಟರು.

“ವಿಮಾನ ಹತ್ತೂತನಕ ಹಸಿವಾಕ್ಕೈತ್ರಿ. ತೊಗೊಂಡ್ ಹೋಗ್ರಿ,” ಎಂದರು.

ಏರ್‌ಪೋರ್ಟಿನಲ್ಲಿ ಕೂತು ತಿಂದೆ. ಹಸಿವಾಗಿತ್ತು. ರೊಟ್ಟಿ ಮೆತ್ತಗೇ ಇತ್ತು.

ಪ್ಯಾರಮಟ್ಟಾದಲ್ಲಿ ಎಚ್‌ಆರ್‌ನವಳು ಬಹಳ ಚೆನ್ನಾಗಿ ನಿಭಾಯಿಸಿದೆ ಎಂದಳು. ಅಮೆರಿಕದ ಬಾಸ್ ಕೂಡ, ವಿಮಾನ ಹತ್ತಿ ಹೋಗಿ ಎದುರಿಗೆ ಹೇಳುವವರನ್ನು ನೋಡಿಯೇ ಇರಲಿಲ್ಲ ಎಂದ. ನಾನು ಥ್ಯಾಂಕ್ಸ್ ಎಂದೆ. ಸಂಜೆ ಐದಾದರೆ ಕೈ ಫೋನಿನ ಕಡೆ ಹೋಗುತ್ತಿತ್ತು. ಒಂದೆರಡು ಸಲ ಅವರ ನಂಬರು ತೆಗೆದು ನೋಡಿ ಇಟ್ಟೆ. ಕ್ಷಮೆ ಕೇಳಬಹುದಿತ್ತು, ಆದರೆ ಯಾವುದಕ್ಕೆ ಎಂದು ಅವರು ಕೇಳಿದರೆ ಎಲ್ಲವನ್ನೂ ಹೇಳಬೇಕಾಗುತ್ತಿತ್ತು. ಬಾಸ್‌ಗಂತೂ ಇವತ್ತಿಗೂ ಹೇಳಿಲ್ಲ.

ಮೆಲ್ಬರ್ನ್‌ನ ಹೋಮ್‌ಗಳಿಂದ ಸುಮಾರು ದಿನ ಅವರನ್ನೇ ಕೇಳಿಕೊಂಡು ಫೋನ್ ಬರುತ್ತಿತ್ತು. ಅವರು ಈಗ ನಮ್ಮಲ್ಲಿ ಇಲ್ಲ ಎನ್ನುತ್ತಿದ್ದೆ. ಒಬ್ಬಾಕೆ, ನೀವು ದೊಡ್ಡ ತಪ್ಪು ಮಾಡಿದಿರಿ ಎಂದಳು. ನರ್ಸುಗಳ ಕಷ್ಟ ತಿಳಿದಿದ್ದ ಒಬ್ಬರೇ ಒಬ್ಬರು ಅವರು ಎಂದಳು. ಅದನ್ನು ನಾನು ನಿಯಮದ ಪ್ರಕಾರ ಸಿಸ್ಟಮ್‌ನಲ್ಲಿ ನಮೂದಿಸಿದೆ.

ಅವರೇ ಫೋನ್ ಮಾಡಿದರು, ಏಳೆಂಟು ತಿಂಗಳಾದ ಮೇಲೆ, ಒಂದು ಮಧ್ಯಾಹ್ನ. ನಾನು ಊಟ ಮುಗಿಸಿ ನದಿಯ ಪಕ್ಕದ ದಾರಿಯಲ್ಲಿ ಆಫೀಸಿನ ಕಡೆ ನಡೆಯುತ್ತಿದ್ದೆ. ಪರದೆಯ ಮೇಲೆ ಅವರ ಹೆಸರಿತ್ತು. ಬೈಯಲಿ ಎಂದುಕೊಂಡೇ ಎತ್ತಿದೆ. ಅವರು ಮೊದಲು ಊಟವಾಯಿತೇ ಎಂದು ಕೇಳಿದರು, ಆಮೇಲೆ ಮಗಳು ಹೇಗಿದ್ದಾಳೆಂದು. ಮತ್ತೆ ವೇರ್‌ಹೌಸಿಗೆ ಹೋಗಿದ್ದರಂತೆ. ಈಗ ಮೂರು ವಾರದ ಕೆಳಗೆ, ಮನೆಮನೆಗೆ ನರ್ಸುಗಳನ್ನು ಕಳಿಸುವ ಒಂದು ಸಂಸ್ಥೆಯ ಆಫೀಸಿನಲ್ಲಿ ಕೆಲಸ ಸಿಕ್ಕಿದೆ, ಇಲ್ಲೂ ಫೋನಿನಲ್ಲಿ ಮಾತಾಡಿ ಪಟ್ಟಿ ನೋಡಿಕೊಳ್ಳುವ ಕೆಲಸವೇ ಎಂದರು. ನನಗೆ ಎಷ್ಟು ಸಂತೋಷವಾಯಿತೆಂದರೆ ದಾರಿಯಲ್ಲೇ ನಿಂತುಬಿಟ್ಟೆ.

“ಇಲ್ಲೂ ಆರು ತಿಂಗಳು ನೋಡ್ತೀವಿ ಅಂದಾರ್ರಿ,” ಎಂದರು. “ಅವತ್ತ ನಿಮಗ ಹೇಳಾಕ ಬರ್ತಿದ್ದಿಲ್ಲ, ನನಗ ಗೊತ್ತೈತ್ರಿ. ಈಗರ ಹೇಳ್ರಿ. ನನ್ನಿಂದ ಏನ್ ತಪ್ಪಾಗಿತ್ತು?”

ನದಿಯ ಕಡೆಯ ಕಂಬಿ ಹಿಡಿದು ನಿಂತು ಹೇಳಿದೆ. ಕರೆ ಮುಗಿದ ಮೇಲೆ ಅದೇ ದಿನ ಸಿಸ್ಟಮ್‌ನಲ್ಲಿ ಹಾಕಬೇಕಿತ್ತು, ನೀವು ಹಾಕುತ್ತಿರಲಿಲ್ಲ, ನಿಮ್ಮ ಹೆಸರಿನಲ್ಲಿ ನಾನು ಹಾಕುತ್ತಿದ್ದೆ, ನಾನು ಊರಿಗೆ ಹೋದಾಗ ಯಾರೂ ಹಾಕಲಿಲ್ಲ, ಆ ಶನಿವಾರದ್ದು ಆದದ್ದು ಅದರಿಂದಲೇ, ಎಂದೆಲ್ಲ. ಬಾಸ್ ಕೇಳಿದಾಗ ಗೊತ್ತಿಲ್ಲ ಎಂದು ಸುಳ್ಳು ಹೇಳಿದ್ದನ್ನೂ ಹೇಳಿದೆ. ಕ್ಷಮಿಸಿ ಎಂದೂ ಹೇಳಿದೆ.

“ನೀವು ದಿನಾ ಐದಕ್ಕ ಫೋನ್ ಮಾಡ್ತಿದ್ರಿ, ನಾ ಹೇಳ್ತಿದ್ದೆ, ನೀವು ಬರಕೋತಿದ್ರಿ,” ಎಂದರು. “ನಿಮ್ಮ ಕಂಪನ್ಯಾಗ ಅದ ಪದ್ಧತಿ ಅನ್ಕೊಂಡಿದ್ದೆ ನಾ.”

ನಾನು ಊರಿಗೆ ಹೋಗಿದ್ದಾಗ ಏನು ಮಾಡಿದಿರಿ ಎಂದು ಕೇಳಿದೆ. ದಿನಾ ಐದಕ್ಕೆ ಯಾರಾದರೂ ಫೋನ್ ಮಾಡುತ್ತಾರೆಂದು ಕಾಯುತ್ತಿದ್ದರಂತೆ. ಯಾರೂ ಮಾಡದಿದ್ದಾಗ, ಅಕ್ಕಾರು ಬಂದ ಮೇಲೆ ಒಟ್ಟಿಗೆ ಹೇಳಿದರಾಯಿತು ಎಂದು ಮೂರು ವಾರದ್ದನ್ನೂ ಒಂದೂ ಬಿಡದೆ ಬರೆದಿಟ್ಟಿದ್ದರಂತೆ. ಆ ಶನಿವಾರದ ಪಾಳಿಯದ್ದೂ ಅದರಲ್ಲಿತ್ತಂತೆ, ಕೆಳಗೆ ಎರಡು ಗೆರೆ ಎಳೆದು. ಕೆಲಸಗಳ್ಳ ಎಂದು ನಾನು ಅಮೆರಿಕದವನಿಗೆ ಬಿಟ್ಟುಕೊಟ್ಟ ಮನುಷ್ಯರು, ನಾನು ಕಲಿಸಿದ ಹಾಗೆಯೇ ಒಂದು ದಿನವೂ ತಪ್ಪದೆ ಕೆಲಸ ಮಾಡಿದ್ದರು.

“ಇಲ್ಲೂ ಎಲ್ಲಾ ಹಂಗ ಬರದಿಟ್ಟೇನ್ರಿ, ಮೂರು ವಾರದ್ದು,” ಎಂದರು. “ಈ ಮ್ಯಾನೇಜರ್ ಒಮ್ಮಿನೂ ಫೋನ್ ಮಾಡಿಲ್ಲ. ನಾನಽ ಕೇಳಿದ್ರ ತಪ್ಪ ತಿಳ್ಕೋತಾರೇನೋ ಅಂತ ಸುಮ್ಮನದೀನಿ.”

“ಅವರು ಮಾಡೋದಿಲ್ಲ ಸರ್,” ಎಂದೆ. “ನೀವೇ ಹಾಕ್ಬೇಕು. ದಿನಾ. ಈ ಮೂರು ವಾರದ್ದನ್ನ ಇವತ್ತೇ ಹಾಕಿ.”

“ಇಷ್ಟ ಏನ್ರಿ?” ಎಂದರು. ಆಮೇಲೆ, ಕುರ್ಚಿ ಎಳೆದುಕೊಂಡು ಕೀಬೋರ್ಡ್ ಒತ್ತುವ ಸದ್ದಿನ ನಡುವೆ, “ಇದನ್ನ ಮೊದಲನೇ ವಾರಾನ ಹೇಳಿದ್ರ, ಬರೀತಿದ್ದೆನಲ್ರಿ ಅಕ್ಕಾರ.”